ಹಳೆಯ ಗಲ್ಲಾ ಮೇಜಿಗೆ ಪಾಲಿಶ್: ಚೌತಿ ಕಳೆಯಲಿ, ದೀಪಾವಳಿ ಬರಲಿ

ಪ್ರಶ್ನೆ: ನಮ್ಮ ಮಾವನವರು ಮಾಟುಂಗಾದಲ್ಲಿ ಹೋಟೆಲು ನಡೆಸುತ್ತಿದ್ದರು. ಅದು ಮುಚ್ಚಿ ಬಹಳ ವರ್ಷವಾಯಿತು. ಗೋದಾಮಿನಲ್ಲಿ ಬಿದ್ದಿದ್ದ ಅಲ್ಲಿಯ ಗಲ್ಲಾ ಮೇಜು ಈಗ ಡೊಂಬಿವಲಿಯ ನಮ್ಮ ಫ್ಲ್ಯಾಟಿಗೆ ಬಂದಿದೆ. 1950ರ ಹೊತ್ತಿಗೆ ಮಾಡಿಸಿದ್ದು, ಸಾಗುವಾನಿ ಎಂದು ಮನೆಯಲ್ಲಿ ಹೇಳುತ್ತಾರೆ. ಈಗ ಕಪ್ಪಗಾಗಿದೆ, ಮುಟ್ಟಿದರೆ ಕೈಗೆ ಅಂಟುತ್ತದೆ. ಮೇಲ್ಹಲಗೆಯಲ್ಲಿ ಲೋಟ ಇಟ್ಟ ಬಿಳಿ ಉಂಗುರಗಳು, ಒಂದು ಕಪ್ಪು ಕಲೆ. ಒಂದು ಪಕ್ಕಕ್ಕೆ ಯಾರೋ ಹಸಿರು ಪೇಂಟ್ ಬಳಿದಿದ್ದಾರೆ. ಎಡಗಡೆಯ ಡ್ರಾವರ್ ಸಿಕ್ಕಿಕೊಂಡಿದೆ, ಹಿಂಬದಿಯ ಹಲಗೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ. ಬಿಲ್ಡಿಂಗಿಗೆ ಬರುವ ಮಿಸ್ತ್ರಿ ‘ಮಷೀನಿನಲ್ಲಿ ಉಜ್ಜಿ ಪಿಯು ಹೊಡೆದುಬಿಡೋಣ, ಹೊಸದಾಗುತ್ತದೆ’ ಎನ್ನುತ್ತಾನೆ. ನಾನೇ ಮಾಡಬಹುದೇ? ಚೌತಿಯೊಳಗೆ ಮುಗಿಯಬೇಕಿತ್ತು, ಗಣಪತಿಯನ್ನು ಅದರ ಮೇಲೆ ಕೂರಿಸುವ ಆಸೆ. ಆಮೇಲೆ ಮೇಲೊಂದು ಗಾಜು ಹಾಕಿಸಲೇ?

ಉತ್ತರ: ನೀವೇ ಮಾಡಬಹುದು. ಚೌತಿಯೊಳಗೆ ಮಾತ್ರ ಬೇಡ. ಮಿಸ್ತ್ರಿಗೆ ಸದ್ಯಕ್ಕೆ ಒಂದು ಚಹಾ ಕೊಟ್ಟು ಕಳಿಸಿ.

ನೀವು ಹೇಳಿದ ಲಕ್ಷಣಗಳನ್ನೆಲ್ಲ ಕೂಡಿಸಿ ನೋಡಿದರೆ ಮೇಜಿನ ಮೇಲಿರುವುದು ಅರಗಿನ ಪಾಲಿಶ್ ಇರಬೇಕು. ಮಿಸ್ತ್ರಿಗಳ ಬಾಯಲ್ಲಿ ಅದು ಫ್ರೆಂಚ್ ಪಾಲಿಶ್. ನೀವು ಹೇಳುವ ಕಾಲದಲ್ಲಿ ಮುಂಬೈಯ ಮರದ ಸಾಮಾನಿಗೆ ಸಾಮಾನ್ಯವಾಗಿ ಹಚ್ಚುತ್ತಿದ್ದದ್ದೂ ಅದನ್ನೇ. ಮೆಲಮೈನ್, ಪಿಯು (ಪಾಲಿಯುರಿಥೇನ್) ಎಂಬ ಪ್ಲಾಸ್ಟಿಕ್ಕಿನಂಥ ಪಾಲಿಶ್‌ಗಳೆಲ್ಲ ಆಮೇಲೆ ಬಂದವು. ಅರಗಿನ ಪಾಲಿಶಿನ ದೊಡ್ಡ ಗುಣವೆಂದರೆ ಅದು ಎಷ್ಟೇ ಹಳೆಯದಾದರೂ ಸ್ಪಿರಿಟ್ (ಪಾಲಿಶಿಗೆ ಬಳಸುವ ಮದ್ಯಸಾರ) ತಾಗಿದರೆ ಮತ್ತೆ ಕರಗುತ್ತದೆ. ಹಾಗಾಗಿ ಅದನ್ನು ಕಿತ್ತು ಬಿಸಾಡುವ ಅಗತ್ಯ ಹೆಚ್ಚಿನ ಸಂದರ್ಭಗಳಲ್ಲಿ ಬರುವುದೇ ಇಲ್ಲ. ಕೊಳೆ ತೆಗೆದು, ಇರುವುದನ್ನೇ ಮೆತ್ತಗೆ ಮಾಡಿ ಸಮ ಮಾಡಿ, ಸವೆದಲ್ಲಿ ಮಾತ್ರ ಹೊಸದನ್ನು ಸೇರಿಸಿದರೆ ಸಾಕು. ಮಷೀನು ಓಡಿಸಿದರೆ ಪಾಲಿಶ್ ಜೊತೆಗೆ ಎಪ್ಪತ್ತು ವರ್ಷ ಗಾಳಿ ಬೆಳಕಿಗೆ ಬಣ್ಣ ಕಟ್ಟಿದ ಮರದ ಮೇಲ್ಪದರವೂ ಧೂಳಾಗಿ ಹೋಗುತ್ತದೆ. ಅದರ ಕೆಳಗೆ ಕಾಣುವುದು ಇವತ್ತು ಡಿಪೋದಿಂದ ತಂದ ಸಾಗುವಾನಿಯಂಥ ಹಸಿ ಹಳದಿ. ಆಮೇಲೆ ಅದಕ್ಕೆ ಡಬ್ಬಿಯ ಬಣ್ಣ ಬಳಿದು ‘ಆಂಟಿಕ್ ಲುಕ್’ ಕೊಡುತ್ತಾರೆ! ಇದ್ದದ್ದನ್ನು ಉಜ್ಜಿ ತೆಗೆದು ಅದರ ನಕಲಿಗೆ ದುಡ್ಡು ಕೊಡುವ ವ್ಯವಹಾರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಚೌತಿಯೊಳಗೆ ಏಕೆ ಬೇಡ ಎಂದರೆ ಅದಕ್ಕೂ ಕಾರಣ ಅದೇ ಸ್ಪಿರಿಟ್. ಹಚ್ಚಿದ ಕೂಡಲೇ ಆರುತ್ತದೆ, ಆರುವಾಗ ಹಲಗೆಯನ್ನು ತಣ್ಣಗೆ ಮಾಡುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಗಾಳಿಯಲ್ಲಿ ತೇವಾಂಶ ಶೇ. 80 ದಾಟುವುದು ಮಾಮೂಲು. ಆ ನೀರು ತಣ್ಣಗಿನ ಹಲಗೆಯ ಮೇಲೆ ಕೂತು ಪಾಲಿಶಿನೊಳಗೇ ಸಿಕ್ಕಿಬೀಳುತ್ತದೆ. ಮಾರನೆಯ ಬೆಳಿಗ್ಗೆ ನೋಡಿದರೆ ಹಾಲು ಚೆಲ್ಲಿ ಒರೆಸಿದಂಥ ಬಿಳಿ ಮಂಜು. ಕಸುಬಿನವರು ಮಳೆಗಾಲದಲ್ಲಿ ಇದಕ್ಕೆ ಏನೇನೋ ಉಪಾಯ ಮಾಡುತ್ತಾರೆ, ಬಲ್ಬು ಉರಿಸಿ ಕೋಣೆ ಬಿಸಿ ಮಾಡುತ್ತಾರೆ. ಮನೆಯಲ್ಲಿ ಮೊದಲ ಸಲ ಕೈ ಹಾಕುವವರಿಗೆ ಆ ತಲೆನೋವು ಬೇಡ. ಮುಂಬೈಯಲ್ಲಿ ಈ ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ, ಫೆಬ್ರವರಿ ಮುಗಿಯುವ ತನಕ.

ಹಾಗಂತ ಈಗ ಕೈಕಟ್ಟಿ ಕೂರಬೇಕಾಗಿಲ್ಲ. ಪರೀಕ್ಷೆ, ಕೊಳೆ ತೆಗೆಯುವುದು, ಹಿತ್ತಾಳೆ ಸಾಮಾನು, ಹುಳದ ವಿಚಾರಣೆ, ಇಷ್ಟನ್ನು ಚೌತಿಯೊಳಗೆ ಮುಗಿಸಬಹುದು. ಕೊಳೆ ಹೋದರೇ ಮೇಜು ಅರ್ಧ ಹೊಸದಾಗಿ ಕಾಣುತ್ತದೆ. ಗಣಪತಿಯನ್ನು ಧಾರಾಳವಾಗಿ ಕೂರಿಸಿ. ಕೆಳಗೆ ಒಂದು ಅಗಲದ ಮಣೆ, ಅದರ ಮೇಲೆ ಬಟ್ಟೆ ಇರಲಿ. ದೀಪದ ಎಣ್ಣೆ, ಅಭಿಷೇಕದ ನೀರು, ಕುಂಕುಮ ಮೂರೂ ಅರಗಿನ ಪಾಲಿಶಿಗೆ ಆಗಿಬರುವುದಿಲ್ಲ.

ಮೊದಲು ಪರೀಕ್ಷೆ. ಕಣ್ಣಿಗೆ ಬೀಳದ ಒಂದು ಜಾಗ ಹುಡುಕಿ: ಕಾಲಿನ ಒಳಬದಿ ಅಥವಾ ಮೇಲ್ಹಲಗೆಯ ಅಂಚಿನ ತಳಭಾಗ. ಅಲ್ಲಿ ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ, ಮೇಣ ಎಣ್ಣೆ ಇದ್ದರೆ ಹೋಗಲಿ. ಒಣಗಿದ ಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಪಾಲಿಶ್ ಸ್ಪಿರಿಟ್‌ನಲ್ಲಿ ಅದ್ದಿ, ಅರ್ಧ ನಿಮಿಷ ಒಂದೇ ಜಾಗದಲ್ಲಿ ಒತ್ತಿ ಹಿಡಿದು, ನಂತರ ತಿರುಗಿಸಿ. ಹತ್ತಿ ಜೇನಿನ ಬಣ್ಣಕ್ಕೆ ಬಂದು, ಆ ಜಾಗ ಬೆರಳಿಗೆ ಜಿಗುಟಾಗಿ ಸಿಕ್ಕಿದರೆ ಅರಗು ಎಂದೇ ಲೆಕ್ಕ. ಏನೂ ಆಗದಿದ್ದರೆ ಪಕ್ಕದಲ್ಲಿ ಇನ್ನೊಂದು ಕಡ್ಡಿಗೆ ಎನ್‌ಸಿ ಥಿನ್ನರ್ (ಲ್ಯಾಕರ್ ಕರಗಿಸುವ ದ್ರವ) ಹಾಕಿ ನೋಡಿ. ಅದಕ್ಕೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ವಾರ್ನಿಷೋ ಮೆಲಮೈನೋ ಪಿಯುವೋ ಇರಬೇಕು, ಯಾರೋ ನಡುವೆ ಒಮ್ಮೆ ಕೈಯಾಡಿಸಿದ್ದಾರೆ ಎಂದು ತಿಳಿಯಿರಿ. ಹಾಗಿದ್ದಲ್ಲಿ ಕೆಳಗೆ ಬರೆದ ಪಾಲಿಶ್ ಕೆಲಸಕ್ಕೆ ಕೈ ಹಾಕುವ ಮೊದಲು ಇನ್ನೊಮ್ಮೆ ಬರೆಯಿರಿ, ಅದರ ದಾರಿ ಬೇರೆ.

ಒಂದು ಎಚ್ಚರಿಕೆ. ನಿಮ್ಮ ಮನೆಯವರು ಸಾಗುವಾನಿ ಎನ್ನುತ್ತಾರೆ, ಆದರೆ ಹಳೆಯ ಮುಂಬೈಯಲ್ಲಿ ಬೀಟೆಯ ಸಾಮಾನೂ ಬೇಕಾದಷ್ಟು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ಕೆತ್ತನೆಯ ಬೀಟೆ ಕುರ್ಚಿ ಮೇಜುಗಳು ‘ಬಾಂಬೆ ಬ್ಲಾಕ್‌ವುಡ್’ ಎಂದೇ ವಿಲಾಯತಿಯ ತನಕ ಹೆಸರಾಗಿದ್ದವು. ಬೀಟೆ ಮರದ ಸ್ವಂತ ಬಣ್ಣವೂ ಸ್ಪಿರಿಟ್‌ನಲ್ಲಿ ಬಿಡುತ್ತದೆ. ಹತ್ತಿ ನೇರಳೆ ಕಂದು ಬಣ್ಣಕ್ಕೆ ತಿರುಗಿದರೆ, ಪಾಲಿಶ್ ಕಾಣದ ಬರಿ ಮರದ ಮೇಲೂ, ಅಂದರೆ ಡ್ರಾವರಿನ ತಳದಲ್ಲಿ, ಅದೇ ಪರೀಕ್ಷೆ ಮಾಡಿ ಹೋಲಿಸಿ ನೋಡಿ.

ಪರೀಕ್ಷೆ ಮಾಡುವಾಗಲೇ ಮೇಜಿನ ವಯಸ್ಸನ್ನೂ ಸ್ವಲ್ಪ ವಿಚಾರಿಸಿ. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಸಂದುಗಳಲ್ಲಿ ಬೆಳ್ಳಗಿನ ಗೋಂದು ಕಂಡರೆ ಅದು ಆಮೇಲಿನ ರಿಪೇರಿ. ಕಂದು ಬಣ್ಣದ, ಉಗುರಿಗೆ ಪುಡಿಪುಡಿಯಾಗುವ ಗೋಂದು ಕಂಡರೆ ಅದು ಹಳೆಯ ಸರೇಸು, ಅಂದರೆ ಪ್ರಾಣಿಗಳ ಚರ್ಮ ಮೂಳೆಯಿಂದ ಮಾಡಿದ ಅಂಟು. ಡ್ರಾವರಿನೊಳಗೆ ಚಿಲ್ಲರೆ ಹಾಕಲು ಕೊರೆದ ಬಟ್ಟಲುಗಳಿದ್ದರೆ ಅವುಗಳ ಬದಿಯಲ್ಲಿ ಅಂಟಿಸಿದ ಚೀಟಿ, ಪೆನ್ಸಿಲಿನ ಗುರುತು ಇದೆಯೇ ನೋಡಿ. ಆಣೆಯ ಲೆಕ್ಕ ಸಿಕ್ಕಿದರೆ ಬಹುಶಃ ಅದು 1957ರ ಏಪ್ರಿಲ್‌ಗಿಂತ ಹಿಂದಿನದು, ನಯಾ ಪೈಸೆ ಬರುವ ಮೊದಲಿನದು. ಅಂಥ ಚೀಟಿಯನ್ನು ಕೆರೆಯಬೇಡಿ, ಡ್ರಾವರಿನ ಒಳಭಾಗಕ್ಕೆ ಪಾಲಿಶ್ ಬೇಕಾಗಿಯೂ ಇಲ್ಲ. ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ಪುರಾತನ ವಸ್ತು ಎನ್ನಿಸಿಕೊಳ್ಳಲು ನೂರು ವರ್ಷವಾಗಬೇಕು, 1972ರ ಕಾಯ್ದೆ ಹಾಗೆ ಹೇಳುತ್ತದೆ. ನಿಮ್ಮ ಮೇಜಿಗೆ ಇನ್ನೂ ಆ ಯೋಗ ಬಂದಿಲ್ಲ, ಧೈರ್ಯವಾಗಿ ಕೆಲಸ ಮಾಡಿ.

ಕೊಳೆಯ ವಿಷಯ. ಹೋಟೆಲಿನ ಗಲ್ಲೆಯ ಮೇಲೆ ಏನೇನು ಕೂತಿರುತ್ತದೆ ಎಂದು ಒಮ್ಮೆ ಯೋಚಿಸಿ: ಅಡುಗೆಮನೆಯ ಎಣ್ಣೆ ಹೊಗೆ, ಬೆಳಿಗ್ಗೆ ಹಚ್ಚಿದ ಊದುಬತ್ತಿ, ನೋಟು ಎಣಿಸಿದ ಕೈಯ ಬೆವರು. ಇದರ ಮೇಲೆ ಮನೆಯವರು ಪ್ರೀತಿಯಿಂದ ಹಚ್ಚಿದ ತೆಂಗಿನೆಣ್ಣೆ. ಅಂಟುವುದು ಬಹಳಮಟ್ಟಿಗೆ ಅದೇ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ ಎಂದೂ ಒಣಗಿ ಗಟ್ಟಿಯಾಗುವುದಿಲ್ಲ. ನಾಲ್ಕು ದಿನ ಮಿಂಚಿ ಆಮೇಲೆ ಧೂಳು ಹಿಡಿಯುತ್ತವೆ. ಟರ್ಪೆಂಟೈನ್‌ನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯಿಂದ ಒಂದೊಂದೇ ಗೇಣು ಜಾಗ ಒರೆಸುತ್ತಾ ಹೋಗಿ. ಬಟ್ಟೆ ಕಪ್ಪಾದಂತೆ ಬದಲಿಸಿ. ಟರ್ಪೆಂಟೈನ್ ಅರಗನ್ನು ಕರಗಿಸುವುದಿಲ್ಲ, ಅದೇ ಅದರ ಅನುಕೂಲ. ಉಳಿದ ಜಿಡ್ಡಿಗೆ ಅಂಟುವಾಳದ ತಿಳಿನೀರು ಸಾಕು, ಬಟ್ಟೆ ಬಲವಾಗಿ ಹಿಂಡಿರಬೇಕು, ಹಿಂದೆಯೇ ಒಣಬಟ್ಟೆ ಆಡಿಸಬೇಕು. ವಾಷಿಂಗ್ ಸೋಡಾ ಹಾಕಬೇಡಿ, ಅಮೋನಿಯಾ ಇರುವ ಗಾಜು ಒರೆಸುವ ದ್ರವವನ್ನೂ ಬಳಸಬೇಡಿ. ಕ್ಷಾರಕ್ಕೆ ಅರಗು ಕರಗುತ್ತದೆ.

ಹಿತ್ತಾಳೆಯ ಹಿಡಿ, ಬೀಗದ ಬಿಲ್ಲೆ ಎಲ್ಲ ಬಿಚ್ಚಿ, ಯಾವ ಸ್ಕ್ರೂ ಎಲ್ಲಿಯದು ಎಂದು ಬರೆದ ಲಕೋಟೆಗಳಲ್ಲಿ ಹಾಕಿಡಿ. ಹುಣಸೆಹಣ್ಣಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿದರಾಯಿತು. ಮರದ ಮೇಲೆ ಇರುವಾಗಲೇ ಉಜ್ಜಿದರೆ ಸುತ್ತ ಕಲೆ ಉಳಿಯುತ್ತದೆ.

ಸಿಕ್ಕಿಕೊಂಡ ಡ್ರಾವರಿಗೆ ಈಗ ಉಳಿ ಉಜ್ಜುಗೊರಡು ಏನೂ ಬೇಡ. ಮಳೆಗಾಲದಲ್ಲಿ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ. ಆಗಸ್ಟಿನಲ್ಲಿ ಹೆರೆದು ಸರಿಮಾಡಿದ ಡ್ರಾವರ್ ಜನವರಿಯಲ್ಲಿ ಲೊಡಲೊಡ ಎನ್ನುತ್ತದೆ. ಹೇಗಾದರೂ ಹೊರಗೆ ಬಂದರೆ ಜಾರುವ ಪಟ್ಟಿಗಳಿಗೆ ಮೇಣದಬತ್ತಿ ಉಜ್ಜಿ. ಬಾರದಿದ್ದರೆ ದೀಪಾವಳಿಗೆ ತಾನಾಗಿ ಬರುತ್ತದೆ, ಎಳೆದಾಡಿ ಮುಂದಿನ ಹಲಗೆ ಕಿತ್ತುಕೊಳ್ಳಬೇಡಿ.

ಹಿಂಬದಿಯ ತೂತುಗಳು ಕುಟ್ಟೆ ಹುಳದ್ದು. ಸಾಗುವಾನಿಯ ಚೇಗಿಗೆ (ನಡುವಿನ ಗಟ್ಟಿ ತಿರುಳಿಗೆ) ಈ ಹುಳ ಸುಲಭವಾಗಿ ಬಾಯಿ ಹಾಕುವುದಿಲ್ಲ, ಆದರೆ ಹಿಂದಿನ ಹಲಗೆಗೆ ಆಚಾರಿಗಳು ಸಾಮಾನ್ಯವಾಗಿ ಅಗ್ಗದ ಮರವನ್ನೋ ತೊಗಟೆಯ ಒಳಗಿನ ಮೆತ್ತನೆಯ ಬಿಳಿ ಮರವನ್ನೋ ಹಾಕುತ್ತಿದ್ದರು. ಹುಳ ಇದೆಯೋ ಬಿಟ್ಟುಹೋಗಿದೆಯೋ ತಿಳಿಯಲು ತೂತುಗಳನ್ನು ಬ್ರಷ್‌ನಿಂದ ಗುಡಿಸಿ, ಸುತ್ತ ಪೆನ್ಸಿಲಿನಲ್ಲಿ ಗುರುತು ಹಾಕಿ, ಕೆಳಗೆ ಕಪ್ಪು ಕಾಗದ ಹಾಸಿ. ಎರಡು ಮೂರು ವಾರದಲ್ಲಿ ಕಾಗದದ ಮೇಲೆ ಹೊಸ ಹಿಟ್ಟು ಬಿದ್ದರೆ ಒಳಗೆ ಹುಳ ಇದೆ. ಆಗ ಮರಕ್ಕೆಂದೇ ಸಿಗುವ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ತೂತಿನೊಳಗೆ ಬಿಟ್ಟು ಮೇಣದಿಂದ ಮುಚ್ಚಿ. ಕೈಗವಸು ಹಾಕಿಕೊಂಡು, ಬಾಲ್ಕನಿಯಲ್ಲಿ, ಮಕ್ಕಳನ್ನು ದೂರವಿಟ್ಟು. ಹಿಟ್ಟು ಬೀಳದಿದ್ದರೆ ಸುಮ್ಮನಿರಿ. ಹಲಗೆ ಬೆರಳೊತ್ತಿದರೆ ಕುಸಿಯುವಷ್ಟು ಟೊಳ್ಳಾಗಿದ್ದರೆ ಬದಲಿಸಿ, ಹಿಂಬದಿಗೆ ಅಷ್ಟು ಮಡಿ ಬೇಕಿಲ್ಲ.

ಈಗ ಹಸಿರು ಪೇಂಟ್. ಇಡೀ ಕೆಲಸದಲ್ಲಿ ನಿಜವಾಗಿ ಅಪಾಯ ಇರುವುದು ಇಲ್ಲೇ. ಹಳೆಯ ಹಸಿರು ಎನಾಮೆಲ್‌ಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು; ಅದರ ಹಳದಿಗೆ ನೀಲಿ ಬೆರೆಸಿದರೆ ಹಸಿರು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಆದ್ದರಿಂದ ಅದಕ್ಕೆ ಒಣ ಉಪ್ಪುಕಾಗದ ಮುಟ್ಟಿಸಬೇಡಿ, ಬಿಸಿಗಾಳಿಯ ಗನ್ನೂ ಬೇಡ. ಧೂಳು ಹೊಗೆ ಎರಡೂ ಎದೆಗೆ ಹೋಗುತ್ತವೆ, ಚಿಕ್ಕ ಮಕ್ಕಳಿದ್ದರೆ ಕೇಳುವುದೇ ಬೇಡ. ಅದೃಷ್ಟವೆಂದರೆ ಇಂಥ ಪೇಂಟನ್ನು ಹೆಚ್ಚಾಗಿ ಹಳೆಯ ಅರಗಿನ ಮೇಲೆಯೇ ಬಳಿದಿರುತ್ತಾರೆ. ಎಲ್ಲಾದರೂ ಸಿಪ್ಪೆ ಎದ್ದ ಅಂಚು ಹುಡುಕಿ, ಅಲ್ಲಿ ಸ್ಪಿರಿಟ್‌ನಲ್ಲಿ ನೆನೆಸಿದ ಬಟ್ಟೆ ಹತ್ತು ನಿಮಿಷ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಕೆಳಗಿನ ಅರಗು ಮೆತ್ತಗಾದಾಗ ಮೊಂಡು ಪುಟ್ಟಿಪಟ್ಟಿಯನ್ನು ಅಡಿಗೆ ತೂರಿಸಿದರೆ ಪೇಂಟ್ ಹಾಳೆ ಹಾಳೆಯಾಗಿ ಏಳುತ್ತದೆ. ನಿಧಾನ ಕೆಲಸ, ಬೇಸರದ ಕೆಲಸ, ಮೂಗಿಗೆ ಎನ್95 ಕಟ್ಟಿಕೊಂಡು ಮಾಡುವ ಕೆಲಸ. ಬಿದ್ದ ಚೂರುಗಳನ್ನೆಲ್ಲ ಒದ್ದೆ ಪೇಪರಿನಲ್ಲಿ ಸುತ್ತಿ ಕಟ್ಟಿ ಬಿಡಿ, ಗುಡಿಸಬೇಡಿ. ಅಂಗಡಿಯಲ್ಲಿ ‘ಪೇಂಟ್ ರಿಮೂವರ್’ ಕೊಡುತ್ತಾರೆ. ಮೆಥಿಲೀನ್ ಕ್ಲೋರೈಡ್ ಇರುವಂಥದ್ದನ್ನು ಮುಚ್ಚಿದ ಕೋಣೆಯಲ್ಲಿ, ಬಾತ್‌ರೂಮಿನಲ್ಲಿ ಬಳಸಿ ಜನ ಪ್ರಾಣ ಕಳೆದುಕೊಂಡದ್ದುಂಟು. ಡೊಂಬಿವಲಿಯ ಫ್ಲ್ಯಾಟಿಗೆ ಅದು ಹೇಳಿದ್ದಲ್ಲ. ಕಾಸ್ಟಿಕ್ ಸೋಡಾ ಪೇಂಟನ್ನೂ ತೆಗೆಯುತ್ತದೆ, ಮರವನ್ನೂ ಕರ್ರಗೆ ಸುಡುತ್ತದೆ, ಸಂದಿನ ಸರೇಸನ್ನೂ ಬಿಡಿಸುತ್ತದೆ.

ಸಂದುಗಳ ಮಾತು ಬಂತು. ಅಲ್ಲಾಡುವ ಕಾಲಿಗೆ ಮೊಳೆ ಹೊಡೆಸಬೇಡಿ. ಸರೇಸಿನ ಮೇಲೆ ಫೆವಿಕಾಲ್ ಸುರಿದರೂ ಹಿಡಿಯುವುದಿಲ್ಲ. ಬಿಸಿನೀರಿನ ಬಟ್ಟೆಯಿಂದ ಹಳೆಯ ಸರೇಸನ್ನು ಮೆತ್ತಗೆ ಮಾಡಿ ತೊಳೆದು, ಮರ ಪೂರ್ತಿ ಒಣಗಿದ ಮೇಲೆ ಹೊಸ ಗೋಂದು ಹಾಕಿ ಹಗ್ಗ ಬಿಗಿದು ಒಂದು ರಾತ್ರಿ ಬಿಡಿ.

ದೀಪಾವಳಿ ಕಳೆಯಿತು ಎಂದುಕೊಳ್ಳೋಣ. ಸಾಮಾನು ತರಿಸಿ: ಚಪ್ಡಾ (ತೆಳು ಚಕ್ಕೆಯ) ಅರಗು ಕಾಲು ಕಿಲೋ, ಪಾಲಿಶ್ ಸ್ಪಿರಿಟ್ ಎರಡು ಲೀಟರ್, 320 ಮತ್ತು 400 ನಂಬರಿನ ಉಪ್ಪುಕಾಗದ, ಸ್ವಲ್ಪ ಅಗಸೆ ಎಣ್ಣೆ, ಜೇನುಮೇಣ. ಪೇಂಟಿನ ಅಂಗಡಿಯಲ್ಲಿ ‘ಚಪ್ಡಾ ಲಾಖ್’ ಎಂದರೆ ತೂಕ ಮಾಡಿ ಕೊಡುತ್ತಾರೆ. ಉಪಕರಣ ಏನಾದರೂ ಬೇಕಿದ್ದರೆ ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿ ಇಳಿದು ನಾಗದೇವಿ ಸ್ಟ್ರೀಟಿಗೆ ನಡೆಯಿರಿ. ತಯಾರಿ ಬಾಟಲಿಯ ಫ್ರೆಂಚ್ ಪಾಲಿಶ್ ತರಬೇಡಿ. ಕಲಸಿಟ್ಟ ಅರಗಿಗೆ ಆಯುಸ್ಸು ಆರು ತಿಂಗಳ ಆಸುಪಾಸು, ಹಳತಾದರೆ ಎಷ್ಟು ದಿನವಾದರೂ ಗಟ್ಟಿಯಾಗದೆ ಜಿಗುಟಾಗಿಯೇ ಇರುತ್ತದೆ, ಅಂಗಡಿಯ ಬಾಟಲಿ ಎಷ್ಟು ಹಳೆಯದೋ ದೇವರಿಗೇ ಗೊತ್ತು.

ಅರಗು ಎಂದಾಗ ನಮಗೆ ಚನ್ನಪಟ್ಟಣದ ಗೊಂಬೆ ನೆನಪಾಗುತ್ತದಲ್ಲ, ಪದಾರ್ಥ ಅದೇ. ಮುತ್ತುಗ, ಕುಸುಮ, ಬೋರೆ ಮರಗಳ ಎಳೆ ಕೊಂಬೆಯಲ್ಲಿ ಕೂತು ರಸ ಹೀರುವ ಪುಟ್ಟ ಕೀಟ ಸುತ್ತ ಕಟ್ಟಿಕೊಳ್ಳುವ ಗೂಡು. ಹೆಚ್ಚಿನದು ಬರುವುದು ಝಾರ್ಖಂಡ್ ಕಡೆಯಿಂದ. ಇದರ ಸಂಶೋಧನೆಗೆಂದೇ ರಾಂಚಿಯಲ್ಲಿ 1924ರಲ್ಲಿ ಸಂಸ್ಥೆ ಕಟ್ಟಿದರು. ಗೊಂಬೆಗೆ ಅದನ್ನು ತಿರುಗಣಿಯ ಬಿಸಿಯಲ್ಲಿ ಕರಗಿಸಿ ಹಚ್ಚುತ್ತಾರೆ, ಮೇಜಿಗೆ ಸ್ಪಿರಿಟ್‌ನಲ್ಲಿ ಕರಗಿಸಿ.

ಅರ್ಧ ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಅರಗು ಹಾಕಿ, ಗಾಜಿನ ಬಾಟಲಿಯ ಮುಚ್ಚಳ ಬಿಗಿದು ರಾತ್ರಿಯಿಡೀ ಬಿಡಿ, ಆಗಾಗ ಅಲುಗಾಡಿಸಿ. ಬೆಳಿಗ್ಗೆ ಹಳೆಯ ಮಲ್ಲು ಪಂಚೆಯಲ್ಲಿ ಸೋಸಿ. ಒಂದು ತೊಟ್ಟು ಗಾಜಿನ ಮೇಲೆ ಹಾಕಿ ನೋಡಿ, ಗಂಟೆಯೊಳಗೆ ಉಗುರಿಗೆ ಗಟ್ಟಿಯಾಗಿ ಸಿಗಬೇಕು. ಈ ಕೆಲಸ ನಡೆಯುವ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ, ಗ್ಯಾಸ್ ಯಾವುದೂ ಉರಿಯಬಾರದು. ಸ್ಪಿರಿಟ್‌ನ ಆವಿ ನಮ್ಮ ಕೋಣೆಯ ಬಿಸಿಗೇ ಬೆಂಕಿ ಹಿಡಿಯುವಂಥದ್ದು. ಕಿಟಕಿ ತೆರೆದಿರಲಿ, ಫ್ಯಾನ್ ನೇರ ಹಲಗೆಯ ಮೇಲೆ ಬೇಡ.

ಮೊದಲು ಹಳೆಯ ಪಾಲಿಶನ್ನು ಎಬ್ಬಿಸಬೇಕು. ಹಿಡಿ ಹತ್ತಿಯನ್ನು ಉಂಡೆ ಮಾಡಿ, ಮಡಿಕೆ ನೆರಿಗೆ ಇಲ್ಲದಂತೆ ಮಲ್ಲು ಬಟ್ಟೆಯಲ್ಲಿ ಕಟ್ಟಿ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪೊಟ್ಟಣ ಮಾಡಿಕೊಳ್ಳಿ. ಬಟ್ಟೆ ಬಿಚ್ಚಿ ಒಳಗಿನ ಹತ್ತಿಗೆ ಸ್ಪಿರಿಟ್ ಹಾಕಿ, ಹೊರಗಿಂದ ಅದ್ದಬೇಡಿ. ಕಾಗದಕ್ಕೆ ಒತ್ತಿದರೆ ಒದ್ದೆ ಗುರುತು ಬಿದ್ದು ಎರಡು ಮೂರು ಉಸಿರಿನಲ್ಲಿ ಆರಬೇಕು, ತೇವ ಅಷ್ಟೇ ಇರಲಿ. ಹಲಗೆಗೆ ತಾಗುವ ಮೊದಲೇ ಕೈ ಓಡುತ್ತಿರಬೇಕು, ಏಳುವಾಗಲೂ ಜಾರಿಕೊಂಡೇ ಏಳಬೇಕು. ಒಂದು ಕ್ಷಣ ನಿಲ್ಲಿಸಿದರೂ ಬಟ್ಟೆ ಅಂಟಿ ಅದರ ನೇಯ್ಗೆಯ ಅಚ್ಚು ಬೀಳುತ್ತದೆ. ಕಾವಲಿಯ ಮೇಲೆ ಸೌಟಿನಲ್ಲಿ ದೋಸೆಹಿಟ್ಟು ಹರಡುವ ಹಾಗೆ ಸುತ್ತು ಸುತ್ತಾಗಿ, ಹಗುರ ಕೈಯಲ್ಲಿ ಹೋಗಿ. ಬಿರುಕು ಬಿಟ್ಟಿದ್ದ ಪಾಲಿಶ್ ಕರಗಿ ಕೂಡಿಕೊಳ್ಳುತ್ತದೆ, ಮಂಕಾಗಿದ್ದ ಎಳೆಗಳು ಎದ್ದು ಕಾಣುತ್ತವೆ. ಲೋಟದ ಬಿಳಿ ಉಂಗುರಗಳು ಮಾಯವಾಗುವುದೂ ಇಲ್ಲೇ. ಬಿಳಿ ಎಂದರೆ ನೀರು ಪಾಲಿಶಿನೊಳಗೆ ಸಿಕ್ಕಿದೆ ಎಂದರ್ಥ, ಮರಕ್ಕೆ ಇಳಿದಿಲ್ಲ. ಒಂದು ಗೇಣಿನ ಮೇಲೆ ಕೆಲಸ ಮಾಡಿ, ಆರಲು ಬಿಟ್ಟು, ಪಕ್ಕಕ್ಕೆ ಸರಿಯಿರಿ.

ಕಪ್ಪು ಕಲೆಯ ಕತೆ ಬೇರೆ. ಅದು ಮರದೊಳಗಿನದು. ತೇವದ ಕಬ್ಬಿಣ, ಬಹುಶಃ ತುಕ್ಕು ಹಿಡಿದ ಡಬ್ಬಿ, ಮರದ ಒಗರಿನೊಂದಿಗೆ ಸೇರಿ ಕರ್ರಗಾಗಿದೆ. ಉಜ್ಜಿದರೆ ಹೋಗುವುದಿಲ್ಲ, ಹಲಗೆಯಲ್ಲಿ ಗುಂಡಿ ಬೀಳುತ್ತದೆ. ಮೇಲ್ಹಲಗೆಯ ಪಾಲಿಶನ್ನು ಪೂರ್ತಿ ಸ್ಪಿರಿಟ್‌ನಲ್ಲಿ ತೊಳೆದು ತೆಗೆದು, ಅರ್ಧ ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ, ಇಡೀ ಹಲಗೆಗೆ ಸಮನಾಗಿ ಹಚ್ಚಬೇಕು. ಕಲೆಗೆ ಮಾತ್ರ ಹಚ್ಚಿದರೆ ಕಪ್ಪಿನ ಬದಲು ಬಿಳಿ ಮಚ್ಚೆ ಉಳಿಯುತ್ತದೆ. ಅದು ವಿಷ, ಕೈಗವಸು ಬೇಕು, ಒಣಗಿದ ಹರಳಿನ ಧೂಳು ಮೂಗಿಗೆ ಹೋಗಬಾರದು. ಆಮೇಲೆ ಬರಿ ನೀರಿನಲ್ಲಿ ಮೂರು ನಾಲ್ಕು ಸಲ ಒರೆಸಿ ಎರಡು ದಿನ ಒಣಗಿಸಿ. ನನ್ನನ್ನು ಕೇಳಿದರೆ ಕಲೆ ಅಂಗೈಗಿಂತ ಚಿಕ್ಕದಿದ್ದರೆ ಹಾಗೇ ಇರಲಿ ಎನ್ನುತ್ತೇನೆ. ಗಲ್ಲೆಯ ಮೇಲೆ ಎಪ್ಪತ್ತು ವರ್ಷದಲ್ಲಿ ಒಂದು ಕಲೆಯಾದರೂ ಆಗಬೇಡವೇ?

ಇನ್ನು ಹೊಸ ಅರಗು. ಸೋಸಿಟ್ಟದ್ದರಲ್ಲಿ ಸ್ವಲ್ಪ ತೆಗೆದು ಅಷ್ಟೇ ಸ್ಪಿರಿಟ್ ಬೆರೆಸಿ ತೆಳ್ಳಗೆ ಮಾಡಿ ಮೊದಲ ಕೈ. ಆಮೇಲಿನವು ಮೂಲ ಹದದಲ್ಲಿ. ಪೊಟ್ಟಣ ಜಾರದೆ ಹಿಡಿದು ಎಳೆಯಲು ಶುರುಮಾಡಿದರೆ ತಳಕ್ಕೆ ಬೆರಳ ತುದಿಯಲ್ಲಿ ಒಂದು ತೊಟ್ಟು ಅಗಸೆ ಎಣ್ಣೆ ಮುಟ್ಟಿಸಿ, ಜಾಸ್ತಿಯಾದರೆ ಆ ಎಣ್ಣೆಯೇ ಮಂಕು ತರುತ್ತದೆ. ದಿನಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು ಸರದಿ ಸಾಕು. ಎರಡು ಸರದಿಯ ನಡುವೆ 400ರ ಉಪ್ಪುಕಾಗದವನ್ನು ಎಳೆಯ ದಿಕ್ಕಿನಲ್ಲಿ ಬರೀ ಧೂಳಿನ ಕಣ ತೆಗೆಯುವಷ್ಟು ಆಡಿಸಿ. ಉಪ್ಪುಕಾಗದದ ಬದಲು ಉಕ್ಕಿನ ಉಣ್ಣೆ (ಸ್ಟೀಲ್ ವೂಲ್) ಆಡಿಸಿದರೆ ಅದಕ್ಕೆ ನೀರು ತಾಗಬಾರದು, ಮುರಿದು ಉಳಿದ ಎಳೆಗಳು ತುಕ್ಕು ಹಿಡಿದು ಚುಕ್ಕಿ ಚುಕ್ಕಿಯಾಗುತ್ತವೆ. ಕಾಲುಗಳಿಗೆ ಮೂರು ನಾಲ್ಕು ಸರದಿ, ಮೇಲ್ಹಲಗೆಗೆ ಅದರ ಎರಡರಷ್ಟು. ಕನ್ನಡಿಯ ಹೊಳಪು ಬರುವ ತನಕ ಹೋಗಬೇಡಿ, ಹೋಟೆಲಿನ ಮೇಜಿಗೆ ಅದು ಒಪ್ಪುವುದಿಲ್ಲ. ಎರಡು ವಾರ ಬಿಟ್ಟು, ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟ ಬಟ್ಟಲಲ್ಲಿ ಕರಗಿಸಿ, ಒಲೆಯಿಂದ ದೂರ ತಂದು ಮೂರರಷ್ಟು ಟರ್ಪೆಂಟೈನ್ ಬೆರೆಸಿ, ಆರಿದ ಮೇಲೆ ತೆಳ್ಳಗೆ ಹಚ್ಚಿ ಒಣ ಬಟ್ಟೆಯಲ್ಲಿ ತಿಕ್ಕಿ.

ಅಗಸೆ ಎಣ್ಣೆ ತಾಗಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಉಂಡೆಯೊಳಗೆ ಬಿಸಿ ಕೂಡಿಕೊಂಡು ತಾನಾಗಿ ಹೊತ್ತಿಕೊಳ್ಳುತ್ತದೆ. ಬಾಲ್ಕನಿಯ ಹಗ್ಗದ ಮೇಲೆ ಬಿಡಿಸಿ ಹರವಿ, ಗರಿಗರಿಯಾದ ಮೇಲೆ ಕಸಕ್ಕೆ ಹಾಕಿ. ಅಷ್ಟರೊಳಗೆ ಕಸ ಒಯ್ಯುವವನು ಬಂದರೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ.

ಪಿಯು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದಿನಕ್ಕೆ ಮೂರು ಹೊತ್ತು ಬಿಸಿ ಪಾತ್ರೆ ಇಡುವ, ನೀರು ಚೆಲ್ಲುವ ಊಟದ ಮೇಜಿಗೆ ಅದೇ ಸರಿ. ಅರಗು 75 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಆದರೆ ಪಿಯುವಿನಲ್ಲಿ ಒಂದು ಗೀರು ಬಿದ್ದರೆ ಅಲ್ಲಷ್ಟೇ ತೇಪೆ ಹಾಕುವುದು ಬಲು ಕಷ್ಟ, ಇಡೀ ಹಲಗೆ ಉಜ್ಜಬೇಕು. ಜೊತೆಗೆ ಹಳೆಯ ಅರಗಿನಲ್ಲಿ ಸಹಜವಾಗಿಯೇ ಇರುವ ಮೇಣದ ಮೇಲೆ ಪಿಯು ಸರಿಯಾಗಿ ಹಿಡಿಯುವುದಿಲ್ಲ, ಕೆತ್ತನೆಯ ಸಂದಿಯಲ್ಲಿ ಸ್ವಲ್ಪ ಉಳಿದಿದ್ದರೂ ಎರಡು ಮಳೆಗಾಲದಲ್ಲಿ ಸಿಪ್ಪೆ ಏಳುತ್ತದೆ. ಮಿಸ್ತ್ರಿಗೆ ಇದನ್ನು ಹೇಳಿ ನೋಡಿ, ಹಳಬನಾಗಿದ್ದರೆ ಒಪ್ಪುತ್ತಾನೆ.

ಕೊನೆಗೆ ಗಾಜು. ಬೇಡ ಎನ್ನುತ್ತೇನೆ. ಗಾಜಿನ ಅಡಿ ಸಿಕ್ಕ ತೇವಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಒಂದು ಮಳೆಗಾಲದಲ್ಲಿ ಪಾಲಿಶ್ ಬೆಳ್ಳಗಾಗಿ ಗಾಜಿಗೇ ಅಂಟಿಕೊಳ್ಳಬಹುದು. ಮನೆಯವರು ಹಾಕಲೇಬೇಕೆಂದು ಹಟ ಹಿಡಿದರೆ ಮೂಲೆಗಳಿಗೂ ನಡುವಿಗೂ ಉಣ್ಣೆಯ ಫೆಲ್ಟಿನ ಬೊಟ್ಟು ಅಂಟಿಸಿ, ಗಾಜು ಅಷ್ಟು ಎತ್ತರದಲ್ಲಿ ನಿಲ್ಲಲಿ. ರಬ್ಬರಿನ, ಪ್ಲಾಸ್ಟಿಕ್ಕಿನ ಬೊಟ್ಟು ಅರಗನ್ನು ಮೆತ್ತಗೆ ಮಾಡಿ ಕಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಮೇಜುಹಾಸಿನದೂ ಅದೇ ಬುದ್ಧಿ. ಮೇಣ ಹಚ್ಚಿ ಒಂದು ತಿಂಗಳಾದರೂ ಆಗುವ ತನಕ ಗಾಜಿನವನಿಗೆ ಅಳತೆ ಕೊಡಬೇಡಿ, ಮತ್ತು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಇಬ್ಬರು ಸೇರಿ ಅದನ್ನೆತ್ತಿ ಕೆಳಗೆ ಒಣಬಟ್ಟೆ ಆಡಿಸಿ.